ಅಪ್ಪಣೆ ಕೇಳಿದವನು

ಹೊಲದ ಕಾಲುದಾರಿ ಊರಿನದೋ ಒಡೆಯರದೋ ಎಂಬ ತನಿಖೆಗೆಂದು ಬೀಗ ತೆಗೆಸಿದ ಗೇಟಿನ ಮುಂದೆ ನಿಂತು ಅಧಿಕಾರಿಣಿ ಕೇಳಿದರು, "ಈ ದಾರೀಲಿ ಎಷ್ಟು ವರ್ಷದಿಂದ ಓಡಾಡ್ತಿದ್ದೀರಿ?"

"ಮೂವತ್ತು ವರ್ಷ, ಮೇಡಂ," ಎಂದ ಸೆಡ್ರಿಕ್ ಥ್ವೇಟ್ ಎದೆಯುಬ್ಬಿಸಿ. ಜಿಲ್ಲೆಯ ಕಾಲುದಾರಿ ಸಲಹಾ ಸಮಿತಿಗೆ ಅವನೇ ಅಧ್ಯಕ್ಷ. ಸಮಿತಿ ಚಹಾ ಕುಡಿದು ಸಲಹೆ ಕೊಡುತ್ತಿತ್ತು. ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ, ಚಹಾ ಮಾತ್ರ ಚೆನ್ನಾಗಿರುತ್ತಿತ್ತು. "ಆದ್ರೆ ಒಂದು ದಿನಾನೂ ಮರ್ಯಾದೆ ಬಿಟ್ಟವನಲ್ಲ. ಈ ಹೊಲದ ಯಜಮಾನಿ ಮಿಸೆಸ್ ಡಾಬ್ಸನ್ ಇರೋವರೆಗೂ 'ಹೋಗ್ಲಾ' ಅಂತ ಕೇಳಿ, ಅವರು ಹೂಂ ಅಂದ್ಮೇಲೇ ಒಳಗೆ ಕಾಲಿಟ್ಟಿದ್ದು."

ಹೊಲವನ್ನು ಹೊಸದಾಗಿ ಕೊಂಡು ಗೇಟಿಗೆ ಬೀಗ ಜಡಿದಿದ್ದ ಪಿಯರ್ಸ್ ಮೀಸೆಯಡಿಯಲ್ಲೇ ನಕ್ಕ. ಅಧಿಕಾರಿಣಿಯ ಪೆನ್ನು ನಿಂತಿತು.

ಆಗ ಸೆಡ್ರಿಕ್‌ಗೆ ತಾನು ಮಾಡಿಕೊಂಡ ಎಡವಟ್ಟು ಹೊಳೆಯಿತು. ಯಾರ ಅಪ್ಪಣೆಯನ್ನೂ ಕೇಳದೆ ಇಪ್ಪತ್ತು ವರ್ಷ ನಡೆದರೆ ದಾರಿ ಊರಿನದು. ಕೇಳಿ ನಡೆದರೆ ಅದು ಒಡೆಯರ ದಯೆ, ಅಷ್ಟೇ. ಈ ಕಾನೂನನ್ನು ಸಮಿತಿಯವರ ತಲೆ ತಿಂದು ಬಾಯಿಪಾಠ ಮಾಡಿಸಿದವನೇ ಅವನು. ಈ ಗೇಟು ಮುಚ್ಚಿದರೆ ಈಡನ್ ನದಿಗೆ ಹೋಗಲು ಲಾರಿಗಳು ನುಗ್ಗುವ ಹೆದ್ದಾರಿಯೊಂದೇ ಉಳಿಯುತ್ತದೆ. ಊರುಗೋಲು ಹಿಡಿದ ಅಕ್ಕ ಹಿಲ್ಡಾ ಇನ್ನು ನದಿ ನೋಡುವ ಹಾಗಿಲ್ಲ. ತನ್ನ ಒಳ್ಳೆಯತನದ ಮೇಲೆ ಅವನಿಗೆ ಮೊದಲ ಸಲ ವಿಪರೀತ ಸಿಟ್ಟು ಬಂತು.

ಕೇಳದೆ ನಡೆದವರು ಬೇರೆ ಯಾರಾದರೂ ಇದ್ದಾರೆಯೇ ಎಂದರು ಅಧಿಕಾರಿಣಿ. ಅವನು ಕರೆತಂದ ಸಾಕ್ಷಿಗಳೆಲ್ಲ ಸಮಿತಿಯವರೇ, ಅವನಷ್ಟೇ ಸಭ್ಯರು. ಎಲ್ಲರೂ ಕೇಳಿಯೇ ನಡೆದವರು. ಉಳಿದವಳು ಹಿಲ್ಡಾ ಒಬ್ಬಳೇ. ನಿನ್ನ ಬಾಯಿ ಸರಿಯಿಲ್ಲ, ಮರ್ಯಾದೆ ಗೊತ್ತಿಲ್ಲ, ಮನೆಯಲ್ಲೇ ಬಿದ್ದಿರು ಎಂದು ಬೆಳಿಗ್ಗೆ ಅವನೇ ಅವಳನ್ನು ಗದರಿ ಬಂದಿದ್ದ. ಈಗ ಫೋನ್ ಮಾಡಿದ.

"ನಂಗೆ ಮರ್ಯಾದೆ ಗೊತ್ತಿಲ್ಲ ಅಂದ್ಯಲ್ಲ, ಈಗ್ಯಾಕಪ್ಪ?"

"ಅದಕ್ಕೇ ಅಕ್ಕಾ. ಬೇಗ ಬಾ."

ಹಿಲ್ಡಾ ಬಂದಳು. ಪಿಯರ್ಸ್ ಗೇಟಿಗೆ ಅಡ್ಡ ನಿಂತಿದ್ದ. ಊರುಗೋಲಿನಿಂದ ಅವನ ಬೂಟು ತಟ್ಟಿ, "ನಲವತ್ತು ವರ್ಷದಿಂದ ಇಲ್ಲಿ ಯಾರನ್ನೂ ಏನೂ ಕೇಳಿಲ್ಲ. ಇವತ್ತು ನಿನ್ನನ್ನ ಕೇಳ್ಬೇಕಾ? ಸರಿ ಪಕ್ಕಕ್ಕೆ," ಎಂದು ಕುರಿಗಳ ನಡುವೆ ನದಿಯತ್ತ ನಡೆದೇಬಿಟ್ಟಳು. ಅಧಿಕಾರಿಣಿಯ ಪೆನ್ನು ಮತ್ತೆ ಓಡತೊಡಗಿತು.

ಸೆಡ್ರಿಕ್‌ಗೂ ಹಿಂದೆಯೇ ಹೋಗುವ ಆಸೆ. ಆದರೆ ಗೇಟಿನ ಹತ್ತಿರ ಕಾಲು ತಡೆಯಿತು. ಕೈ ತಾನಾಗಿಯೇ ಟೋಪಿಗೆ ಹೋಯಿತು. ಪಿಯರ್ಸ್‌ನತ್ತ ತಿರುಗಿ ಅವನು "ನಾನೂ ಹೋಗ್..." ಎನ್ನುತ್ತಿದ್ದ.

"ಬಾಯಿ ಮುಚ್ಕೊಂಡು ಬಾ," ಎಂದಳು ಹಿಲ್ಡಾ, ಹಿಂತಿರುಗಿಯೂ ನೋಡದೆ.