ಸುಡದ ಪಾಯಿಂಟ್

ಮಾವ ಶೆಡ್ಡಿನಿಂದ ಆಚೆ ಹೋದದ್ದೇ ತಡ, ಅಳಿಯ ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಕೈ ಹಾಕಿದ.

ಮದುವೆಯಾಗಿ ಬಂದಾಗಿನಿಂದ ಅವನದು ಒಂದೇ ರಾಗ. ರೇಸ್ ಕಾರಿನ ಇಂಜಿನ್‌ಗೆ ಕಿಡಿ ಯಾವಾಗ ಹಾರಬೇಕೆಂದು ಹೇಳಲು ಆ ಹಳೇ ಪಾಯಿಂಟ್ ಇನ್ನು ಬೇಡ, ಇಂಜಿನ್ನಿನ ಕೆಳಗೆ ತಿರುಗುವ ಪುಲ್ಲಿಯ ಪಕ್ಕ ಸೆನ್ಸರ್ ಕೂರಿಸೋಣ. ಪಾಯಿಂಟ್ ಎಂದರೆ ಕೂಡುತ್ತ ಬಿಡುತ್ತ ಕಿಡಿಗೆ ಸನ್ನೆ ಕೊಡುವ ಎರಡು ಲೋಹದ ತುಟಿಗಳು. ಸುಟ್ಟು ಸವೆಯುತ್ತವೆ, ಪ್ರತಿ ರೇಸಿಗೂ ಉಜ್ಜಿ ಹೊಂದಿಸಬೇಕು. ಸೆನ್ಸರ್ ಹಾಕಿದರೆ ಆ ತಾಪತ್ರಯ ಮುಗಿಯಿತು.

"ಅದು ಮುಗೀತು ಅಂದ್ರೆ ನಾನೂ ಮುಗಿದೆ ಅಂತ ತಾನೇ, ಅಳಿಯಂದ್ರೇ?" ಎಂದಿದ್ದರು ಮಾವ, ನಗುತ್ತಲೇ. ಟ್ರ್ಯಾಕಿನೊಳಗೆ ಬಿಡುವುದು ಕೆಲಸವಿದ್ದವರನ್ನು ಮಾತ್ರ. ಅವರಿಗೆ ಉಳಿದಿದ್ದ ಕೆಲಸ ಆ ಪಾಯಿಂಟ್ ಒಂದೇ.

ಹೆಂಡತಿಯದು ಇನ್ನೂ ವಿಚಿತ್ರ. ಕಾರು ಓಡಿಸುವವಳು, ಗೆಲ್ಲುವ ಹಟದವಳು. ಆದರೂ ಸೆನ್ಸರ್ ಎಂದರೆ ಸಿಡುಕುತ್ತಿದ್ದಳು. "ಗೆಲ್ತಾ ಇದೀವಲ್ಲ ರೀ? ಸುಮ್ನೆ ಕೆರೆದು ಹುಣ್ಣು ಮಾಡ್ಬೇಡಿ." ಅಪ್ಪ ಕಾರಿನಡಿ ಬಗ್ಗಿದರೂ ಗದರುವಳು. "ಅಪ್ಪಾ, ಕೆಳಗಿನ ಕೆಲಸ ನಂದು. ನೀವು ಸೊಂಟ ನೋಡ್ಕೊಳ್ಳಿ. ಅಂಗಿ ಬೆನ್ನೆಲ್ಲಾ ಮಣ್ಣು, ಎಲ್ಲಿ ಹೊರಳಾಡಿದ್ರಿ?"

"ವಯಸ್ಸಾಯ್ತಲ್ಲಮ್ಮ, ಸಿಕ್ಕಿದ್ ಕಡೆ ಒರಗ್ತೀನಿ."

ಅಳಿಯ ಪಾಯಿಂಟ್ ಕಳಚಿ ಬೆಳಕಿಗೆ ಹಿಡಿದ. ಇಡೀ ಸೀಸನ್ ಓಡಿದ್ದು. ಒಂದು ಸುಟ್ಟ ಕಲೆಯಿಲ್ಲ. ಹಿಂದೊಮ್ಮೆ ಕೇಳಿದ್ದಕ್ಕೆ ಮಾವ, "ಕೈಗುಣ!" ಎಂದು ಬೀಗಿದ್ದರು. ಇರಲಿ. ಇದಿಲ್ಲದೆ ಇಂಜಿನ್ ಏಳುವುದಿಲ್ಲ. ಆಗ ಹೆಂಡತಿ ಸೆನ್ಸರಿಗೆ ಒಪ್ಪಲೇಬೇಕು. ಪಾಯಿಂಟನ್ನು ಮುಷ್ಟಿಯಲ್ಲಿ ಅಡಗಿಸಿ ಮುಚ್ಚಳ ಹಾಕಿದ.

"ಸ್ಟಾರ್ಟ್ ಮಾಡ್ಲಾ ರೀ?" ಸೀಟಿನಿಂದ ಅವಳ ಕೂಗು. ಎತ್ತಿದ ಬಾನೆಟ್ ಮರೆಯಲ್ಲಿ ಅವಳಿಗೇನೂ ಕಾಣದು.

"ಮಾಡು, ನೋಡೋಣ."

ಇಂಜಿನ್ ಒಂದೇ ಏಟಿಗೆ ಗುಡುಗಿತು.

ಅಳಿಯ ಮುಷ್ಟಿ ಬಿಚ್ಚಿದ. ಪಾಯಿಂಟ್ ಅಲ್ಲೇ ಇತ್ತು. ಬಗ್ಗಿ ಇಣುಕಿದ. ಪುಲ್ಲಿಯ ಹಿಂದೆ, ತಗಡಿನ ಮರೆಯಲ್ಲಿ, ಹೆಬ್ಬೆರಳು ಗಾತ್ರದ ಸೆನ್ಸರ್. ತಂತಿಯ ಬಣ್ಣ ಮಾಸಿ ಎಷ್ಟೋ ಕಾಲವಾಗಿತ್ತು. ಅಂದರೆ ಇದೆಲ್ಲ ಅಪ್ಪನ ಕೆಲಸ ಉಳಿಸಲು ಮಗಳು ಕಟ್ಟಿದ ನಾಟಕ! ಪಾಪ, ಮುದುಕರು ವರ್ಷಗಟ್ಟಲೆ ಉಜ್ಜಿದ್ದು ಕರೆಂಟೇ ಹರಿಯದ ಸತ್ತ ಪಾಯಿಂಟನ್ನು.

ಹೆಗಲ ಮೇಲೊಂದು ಕೈ ಬಿತ್ತು. ಮಾವ. ಅವನ ಅಂಗೈ ನೋಡಿದರು. ಓಡುತ್ತಿದ್ದ ಇಂಜಿನ್ ನೋಡಿದರು.

"ಮಾವ, ಇದು... ಅದು..." ಅಳಿಯ ಮುಷ್ಟಿ ಮುಚ್ಚಿಕೊಂಡ. ಮುದುಕರ ಎದೆ ಒಡೆಯುವ ಪಾಪ ತನ್ನ ಪಾಲಿಗೇ ಬರಬೇಕೆ?

ಮಾವ ಅವನ ಕಿವಿಗೆ ಬಾಯಿಟ್ಟರು. "ಇಂಜಿನ್ ನಿಂತ ತಕ್ಷಣ ವಾಪಸ್ ಹಾಕ್ಬಿಡಿ. ಅವಳಿಗೆ ಗೊತ್ತಾದ್ರೆ ನೊಂದ್ಕೋತಾಳೆ."

"ಅಂದ್ರೆ... ಕೆಳಗಿರೋ ಸೆನ್ಸರ್ ವಿಷಯ ನಿಮಗೆ ಗೊತ್ತಾ?"

"ಅವಳಿಗೆ ಅದಕ್ಕೂ ಪುಲ್ಲಿಗೂ ನಡುವೆ ಸರಿಯಾಗಿ ಗ್ಯಾಪ್ ಇಡೋಕೆ ಇವತ್ತಿಗೂ ಬರಲ್ಲ ಅಳಿಯಂದ್ರೇ, ಪ್ರತಿ ರೇಸಿಗೂ ಕಾರ್ ಕೆಳಗೆ ಮಲಗಿ ಸರಿ ಮಾಡ್ತಿರೋದು ಯಾರು ಅನ್ಕೊಂಡ್ರಿ?"