ಒಂದು ಮಾಲೆ ಮುಂದೆ

ಭಾಗೀರಥೀಬಾಯಿ ಸುಳ್ಳು ಲೆಕ್ಕ ಬರೆಸುತ್ತಿದ್ದಾಳೆ. ಬಾಳಕೃಷ್ಣರಾಯರಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ರಾಣೇಬೆನ್ನೂರಿಗೆ ಹೊರಟ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಮಡಿಚಿಟ್ಟ ಎಕ್ಸೆಲ್ ಹಾಳೆಯನ್ನು ನಾಲ್ಕನೆಯ ಸಲ ಬಿಚ್ಚಿದರು. ಮಠಕ್ಕೆ ಹೋಗಿಬರುತ್ತೇನೆಂದು ಸೊಸೆಗೆ ಹೇಳಿ ಬಂದಿದ್ದರು. ಸುಳ್ಳು ಹಿಡಿಯಲು ಹೊರಟವರು ದಾರಿಯಲ್ಲಿ ಒಂದು ಸುಳ್ಳು ಹೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಹಾಳೆಯಲ್ಲಿದ್ದದ್ದು ರಾಮನಾಮ ಜಪದ ಬಳಗದ ಲೆಕ್ಕ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಹನ್ನೊಂದು ಹೆಸರು. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಮೌನವಾಗಿ ಕೂತು ಜಪ ಮಾಡಬೇಕು. ಮೊಬೈಲು ಮುಟ್ಟಬಾರದು. ಐದರ ಮೇಲೆ ಎಷ್ಟು ಮಾಲೆ ಆಯಿತೆಂದು ಹೇಳಬೇಕು; ಒಂದು ಮಾಲೆಗೆ ನೂರೆಂಟು ನಾಮ. ಯಾರ ಮೊತ್ತ ಹೆಚ್ಚೋ ಅವರಿಗೆ ಸಮಾಪ್ತಿಯ ದಿನ ಸ್ವಾಮಿಗಳ ಎದುರು ಮೊದಲ ಮಣೆ, ಮೇಲೊಂದು ಶಾಲು. ಸಮಾಪ್ತಿ ಎರಡು ಸಲ ಮುಂದಕ್ಕೆ ಹೋಗಿ ಈಗ ಬರುವ ದ್ವಾದಶಿಗೆ ನಿಂತಿತ್ತು. ಆ ಮಣೆ ತಮ್ಮದೇ ಎಂದು ರಾಯರು ಸಂಜೆಯ ವಾಕಿಂಗಿನಲ್ಲಿ ಹಾವೇರಿಗೆಲ್ಲ ಸಾರಿ ಆಗಿತ್ತು. ಈಗ ಎರಡನೆಯ ಮಣೆಯಲ್ಲಿ ಕೂತರೆ ಮುಖ ಎಲ್ಲಿಟ್ಟುಕೊಳ್ಳುವುದು?

ಲೆಕ್ಕ ಇಡುವ ಕೆಲಸ ಸೊಸೆ ಹರಿಪ್ರಿಯಾಳದು. ಸಂಜೆಯಾದರೆ ನಗುನಗುತ್ತ ಫೋನಿನಲ್ಲಿ ಅಂಕಿ ಕೇಳಿ ಲ್ಯಾಪ್‌ಟಾಪಿಗೆ ತುಂಬುತ್ತಿದ್ದಳು. ಮೊದಲ ವಾರ ದೊಡ್ಡ ಎಡವಟ್ಟು ಮಾಡಿದಳು. ಇದುವರೆಗಿನ ಒಟ್ಟು ತೋರಿಸುವ ರನ್ನಿಂಗ್ ಟೋಟಲ್ಲಿನ ಸೂತ್ರ ಹೆಸರು ನೋಡದೆ ಮೇಲಿನಿಂದ ಕೆಳಗಿನವರೆಗೆ ಎಲ್ಲರದನ್ನೂ ಕೂಡುತ್ತ ಹೋಯಿತು. ಮೂರೇ ದಿನಕ್ಕೆ ರಾಯರ ಹೆಸರಿನ ಮುಂದೆ ಲಕ್ಷ ದಾಟಿದ ಮೊತ್ತ! ರಾಯರು ಅಂದು ತುಟಿ ಬಿಚ್ಚಲಿಲ್ಲ. ಮರುದಿನ ಭಾಗೀರಥೀಬಾಯಿಯ ಮೊತ್ತ ಅದಕ್ಕಿಂತ ದೊಡ್ಡದಾದಾಗಲೇ ಅವರಿಗೆ ತಪ್ಪು ಕಂಡದ್ದು.

"ಹೆಸರಿಗೊಂದು ಬ್ಯಾರೆ ಮೊತ್ತ ನಡೀಬೇಕು," ಎಂದು ಗುಡುಗಿದರು. "ಒಬ್ಬರ ಪುಣ್ಯ ಇನ್ನೊಬ್ಬರ ಹೆಸರಿಗೆ ಕೂಡ್ತದೇನು? ಇಷ್ಟೂ ತಿಳೀದಿಲ್ಲಾ?"

"ತಪ್ಪಾತ್ರಿ ಮಾವನವರ," ಎಂದಳು ಹರಿಪ್ರಿಯಾ. ಅಂದೇ ಹೆಸರುವಾರು ಸೂತ್ರ ಹಾಕಿದಳು. ಅಷ್ಟು ಬೇಗ ಒಪ್ಪಿಕೊಂಡ ಸೊಸೆಯನ್ನು ರಾಯರು ಮೊದಲ ಸಲ ಕಂಡರು.

ಜಪದ ಮಹಿಮೆಯೇ ಇರಬೇಕು. ಮೂವತ್ತೆರಡು ವರ್ಷ ಸಹಕಾರ ಸಂಘಗಳ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತರಾದ ರಾಯರು, ಬೇಳೆಗೆ ಎಷ್ಟು ಸೀಟಿ ಕೂಗಿಸಬೇಕೆಂಬುದರಿಂದ ಹಿಡಿದು ಮಗ ಸುಶ್ರುತ ಎಷ್ಟು ನಿಮಿಷ ಸ್ನಾನ ಮಾಡಬೇಕೆಂಬುದರವರೆಗೆ ಮನೆಯವರಿಗೆ ಹೇಳಿ ಹೇಳಿ ದಣಿದಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಜಪ ಶುರುವಾದದ್ದೇ ತಡ, ಸೊಸೆ ಅಡುಗೆಮನೆಯಲ್ಲಿ ಹಾಡು ಗುನುಗತೊಡಗಿದಳು. ಮಗ ಮಧ್ಯಾಹ್ನದ ಊಟಕ್ಕೆ ಮನೆಗೇ ಬರತೊಡಗಿದ. ಮನೆಗೆಲಸ ಬಿಟ್ಟು ಹೋಗಿದ್ದ ಶೀಲಾ ತಾನಾಗಿಯೇ ತಿರುಗಿ ಬಂದಳು. ನಾಮಕ್ಕೆ ಇಷ್ಟು ಶಕ್ತಿ ಇದೆಯಲ್ಲ ಎಂದು ರಾಯರ ಕಣ್ಣು ತುಂಬಿ ಬಂದಿತ್ತು.

ಆದರೆ ಆ ಭಾಗೀರಥೀಬಾಯಿ! ಯಾವ ದಿನ ನೋಡಿದರೂ ಆಕೆಯ ಮೊತ್ತ ಸರಿಯಾಗಿ ಒಂದೇ ಮಾಲೆ ಮುಂದೆ. ರಾಯರು ಊಟ ಬಿಟ್ಟು ಎಂಬತ್ತು ಮಾಲೆ ಮಾಡಿದ ದಿನವೂ ಒಂದು. ಜ್ವರ ಬಂದು ನಾಲ್ಕೇ ಮಾಡಿದ ದಿನವೂ ಒಂದು.

"ಆಕಿಗೆ ಎಪ್ಪತ್ತೆಂಟು ವರ್ಷ. ಹೆಂಗ ಆಗ್ತದ ಇದು?" ಎಂದು ಕೇಳಿದ್ದರು.

"ಅವರ ಭಕ್ತಿ ದೊಡ್ಡದಿರಬೇಕ್ರಿ," ಎಂದಿದ್ದಳು ಹರಿಪ್ರಿಯಾ. "ನಾಳೆ ನೀವು ಇನ್ನೊಂದು ತಾಸು ಹೆಚ್ಚಿಗೆ ಕೂತು ನೋಡ್ರಿ."

ಭಕ್ತಿಯಂತೆ ಭಕ್ತಿ! ಬಳಗದಲ್ಲಿ ಯಾರೋ ರಾಯರ ಅಂಕಿಯನ್ನು ಆಕೆಗೆ ಮುಟ್ಟಿಸುತ್ತಿದ್ದಾರೆ, ಆಕೆ ಅದಕ್ಕೆ ಒಂದು ಮಾಲೆ ಸೇರಿಸಿ ಬರೆಸುತ್ತಿದ್ದಾಳೆ. ಮೂವತ್ತೆರಡು ವರ್ಷದ ಅನುಭವ ಸುಮ್ಮನೆ ಅಲ್ಲ. ಇವತ್ತು ಎದುರಿಗೇ ಕೂಡಿಸಿ ಎಣಿಸಿಬಿಡಬೇಕು.

ಬ್ಯಾಡಗಿಯಲ್ಲಿ ರೈಲು ನಿಂತಿತು. ಮೆಣಸಿನಕಾಯಿಯ ಘಾಟಿಗೆ ಸಾಲಾಗಿ ಏಳು ಸೀನು ಬಂದು, ರಾಯರ ಕೈಯಲ್ಲಿದ್ದ ಜಪದ ಎಣಿಕೆ ತಪ್ಪಿತು. ಆ ಅರ್ಧ ಮಾಲೆಯ ನಷ್ಟವನ್ನೂ ಭಾಗೀರಥೀಬಾಯಿಯ ತಲೆಗೇ ಕಟ್ಟಿದರು.

ರಾಣೇಬೆನ್ನೂರಿನಲ್ಲಿ ಆಕೆಯ ಮನೆ ಕೇಳಿದರೆ ಯಾರು ಬೇಕಾದರೂ ತೋರಿಸುವಂತಿತ್ತು. ದೊಡ್ಡ ವಕೀಲರ ಮನೆ. ಬಾಗಿಲು ತೆರೆದವಳು ಆಕೆಯ ಸೊಸೆ ಧನಶ್ರೀ.

"ನಾನು ಹಾವೇರಿ ಬಾಳಕೃಷ್ಣ," ಎಂದರು ರಾಯರು.

ಧನಶ್ರೀಯ ಮುಖ ಬಿಳಿಚಿತು. ಕಳ್ಳತನ ಮನೆಮಂದಿಗೆಲ್ಲ ಗೊತ್ತು ಎಂದುಕೊಂಡು ರಾಯರು ಒಳನುಗ್ಗಿದರು. ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಮುದುಕಿಯ ಬೆರಳಲ್ಲಿ ಜಪಮಣಿ ಓಡುತ್ತಿತ್ತು.

"ಬಾಯಿಯವರ, ಎದಿ ಮುಟ್ಟಿಕೊಂಡು ಹೇಳ್ರಿ..."

"ಯಾರು, ಹಾವೇರಿ ಬಾಳಕೃಷ್ಣರಾಯರೇನು?" ಜಪಮಣಿ ಗಕ್ಕನೆ ನಿಂತಿತು. "ಬರ್ರಿ, ಬರ್ರಿ! ನಾನ ಹಾವೇರಿಗೆ ಬರೂದಿದ್ದೆ. ನಾ ಎಷ್ಟ ಮಾಡಿದ್ರೂ ದಿನಾ ಒಂದು ಮಾಲಿ ಮುಂದ ಇರ್ತೀರಲ್ಲಾ, ರಾಮನ ಹೆಸರಿನ್ಯಾಗ ಸುಳ್ಳ ಬರಸ್ಲಿಕ್ಕೆ ನಾಚಿಕಿ ಬರೂದಿಲ್ಲೇನ್ರಿ?"

ರಾಯರು ತಮ್ಮ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಮುದುಕಿ ತನ್ನ ಹಾಳೆಯನ್ನು ಅವರ ಹಾಳೆಯ ಪಕ್ಕ ಬಡಿದಳು. ಅವೇ ತಾರೀಖು, ಅವೇ ಹನ್ನೊಂದು ಹೆಸರು, ಹೆಸರಿಗೊಂದು ಬೇರೆ ಮೊತ್ತ. ಎಲ್ಲಕ್ಕಿಂತ ಮೇಲೆ, ಭಾಗೀರಥೀಬಾಯಿಗಿಂತ ಸರಿಯಾಗಿ ನೂರೆಂಟು ನಾಮ ಮುಂದೆ, ಬಾಳಕೃಷ್ಣರಾಯರು.

ಇಬ್ಬರೂ ಒಂದೇ ಉಸಿರಿಗೆ, "ಇದನ್ನ ಬರದವರು ಯಾರು?" ಎಂದು ಕೂಗಿದರು.

ಅಡುಗೆಮನೆಯಲ್ಲಿ ಧನಶ್ರೀ ಫೋನಿಗೆ ಬಾಯಿ ಹಚ್ಚಿ ಅಳುವ ದನಿಯಲ್ಲಿ ಹೇಳುತ್ತಿದ್ದಳು: "ಘಾತ ಆತು ಹರಿಪ್ರಿಯಾ, ಎಂಟು ತಿಂಗಳು ಸುಮ್ಮನ ಕೂಡಿಸಿದ್ವಿ, ಇಬ್ಬರೂ ಮತ್ತ ಮಾತಾಡ್ಲಿಕ್ಕೆ ಹತ್ಯಾರ!"