ಕೈ ಕಾಯಿಸುವ ನೀರು

ಐಸಿನ ರಾಶಿಯಲ್ಲಿ ಎರಡೂ ಕೈ ಮಣಿಕಟ್ಟಿನವರೆಗೆ ಹುದುಗಿದ್ದರೂ ಜಲಜಳಿಗೆ ನೋವೇ ಆಗಲಿಲ್ಲ. ಗಂಗೊಳ್ಳಿಯ ಆ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಹೆಂಗಸರೆಲ್ಲ ಕೈ ಮರಗಟ್ಟಿದಾಗ ಎದ್ದು ಹೋಗಿ, ಬಕೆಟ್ಟಿನ ಬಿಸಿನೀರಿನಲ್ಲಿ ಅದ್ದಿಕೊಂಡು ಬರುತ್ತಿದ್ದರು. ಅವಳೊಬ್ಬಳು ಮಾತ್ರ ಎದ್ದಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಡಾಕ್ಟರು ಹೆಸರು ಹೇಳಿದ್ದ ಆ ನರದ ಕಾಯಿಲೆ ಬಂದಾಗಿನಿಂದ, ಐಸು ಮುಟ್ಟಿದರೆ ಕೆಂಡ ಮುಟ್ಟಿದಂತೆ ಉರಿಯುತ್ತಿದ್ದ ಕೈಗಳು ಇವು!

"ಪಂಡಿತ್ರ ಮದ್ದ್ ಹಿಡ್ತ್ ಕಾಣ್," ಎಂದಳು ತಮ್ಮನ ಹೆಂಡತಿ ಶ್ರೀಲತಾಳಿಗೆ. "ಉರಿ ಒಂಚೂರೂ ಇಲ್ಲೆ. ಇಂಜೆಕ್ಷನ್ ಬಿಟ್ಟದ್ದೇ ಒಳ್ಳೇದಾಯ್ತ್." ತಾವು ಕೊಟ್ಟ ಕಪ್ಪು ಕಷಾಯ ಕುಡಿಯುವಾಗ ಆಸ್ಪತ್ರೆಯ ಸೂಜಿ ಕೂಡದು ಎಂದು ಯಡ್ತರೆಯ ಪಂಡಿತರು ಕಟ್ಟುನಿಟ್ಟಾಗಿ ಹೇಳಿದ್ದರು.

"ಆದ್ರೂ ಒಂದ್ಸಲ ಕೈ ಬೆಚ್ಚಗೆ ಮಾಡ್ಕಣಿ ಅತ್ಗೆ," ಎನ್ನುತ್ತ ಶ್ರೀಲತಾ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಬಕೆಟ್ಟಿಗೆ ಸುರಿದು, ಕೊಡಪಾನ ಎತ್ತಿಕೊಂಡು ನಲ್ಲಿಯತ್ತ ಹೋದಳು. ಅವಳ ಮನಸ್ಸಿಗಾದರೂ ಸಮಾಧಾನವಾಗಲಿ ಎಂದು ಜಲಜ ಎದ್ದಳು. ಎರಡೂ ಕೈಗಳನ್ನು ಬಕೆಟ್ಟಿನೊಳಗೆ ಇಳಿಸಿ, ಬೆರಳು ಬಿಡಿಸಿ, ಹಾಯಾಗಿ ಕುಕ್ಕರಗಾಲಲ್ಲಿ ಕೂತಳು.

"ಎಂತ ಹೆಣೆ, ಇಷ್ಟ್ ತಣ್ಣೀರ್ ಹೊಯ್ದ್ ಬಿಟ್ಯಾ? ಬಿಸಿಯೇ ಇಲ್ಲೆ!" ನಗುತ್ತ ತಲೆಯೆತ್ತಿದಳು. ಮೇಲೇಳುತ್ತಿದ್ದ ಹಬೆಯ ಆಚೆ ಶ್ರೀಲತಾ ಬಾಯಿ ತೆರೆದು ನಿಂತಲ್ಲೇ ನಿಂತಿದ್ದಳು. ಬಕೆಟ್ಟಿಗೆ ಬೆರೆಸಬೇಕಿದ್ದ ತಣ್ಣೀರು ಅವಳ ಸೊಂಟದ ಮೇಲಿನ ಕೊಡಪಾನದಲ್ಲಿ ಕಂಠದವರೆಗೂ ತುಂಬಿತ್ತು.